ಪೀಕದಾನಿ

ಇನ್‌ಟೇಕ್ ಪೈಪು ಬಿಚ್ಚಿ ಜಿಲಾನಿ
ತೋರುಬೆರಳು ಒಳಗೆ ತಿರುವಿ ತೆಗೆದ.
ಕಾಡಿಗೆಗಿಂತ ಮಂದ, ಪಾಕದಷ್ಟು ಅಂಟು.
"ನೋಡು ಓಬಕ್ಕ, ನಿನ್ನ ಗಾಡಿ
ತನ್ನ ಕಫ ತಾನೇ ನುಂಗ್ತಾ ಐತೆ."

ಮೂರು ಲಕ್ಷದ ಹನ್ನೆರಡು ಸಾವಿರ ಕಿಲೋಮೀಟರು.
ಚಳ್ಳಕೆರೆಯಿಂದ ದುರ್ಗ, ದುರ್ಗದಿಂದ ಚಳ್ಳಕೆರೆ,
ಏಳು ಸೀಟು, ಹನ್ನೊಂದು ಜನ,
ಸಂತೆಯ ದಿನವಾದರೆ ಕಾಲಡಿಗೊಂದು ಟಗರುಮರಿ.
ಇಷ್ಟು ಹೊತ್ತವಳಿಗೆ, ಗಾಡಿಗೆ ಅಂದೆ,
ಕೆಮ್ಮು ಬರಬಾರದೇನು?

ಸ್ಪ್ಯಾನರಿನಲ್ಲೇ ನೆಲಕ್ಕೆ ಗೀಚಿ ತೋರಿಸಿದ:
ಮೇಲೆ ಬೆಂಕಿ ಸಿಡಿದು ಪಿಸ್ಟನ್ನು ಕೆಳಗೆ ಒದೆಯುವಾಗ
ರಿಂಗಿನ ಸಂದಿಯಲ್ಲಿ ಒಂದಿಷ್ಟು ಹೊಗೆ ನುಸುಳಿ
ಎಣ್ಣೆಯ ಮನೆಗೆ ಇಳಿಯುತ್ತೆ.
ಅಲ್ಲೇ ಕಟ್ಟಿಹಾಕಿದರೆ ಸೀಲುಗಳೆಲ್ಲ ಬಾಯಿಬಿಡ್ತಾವೆ.
ಅದಕ್ಕೇ ಕಂಪನಿಯವರು ಕೊಳವೆಯೊಂದನ್ನು ಇಟ್ಟು
ಅದರ ಉಸಿರನ್ನ ತಿರುಗಿ ಅದಕ್ಕೇ ಕುಡಿಸ್ತಾರೆ.
ಹೊಗೆ ಒಂದೇ ಹೋಗಲ್ಲ,
ಎಣ್ಣೆಯ ಮಂಜು ಬೆನ್ನಿಗೆ ಬಿದ್ದು ಹೋಗುತ್ತೆ,
ಹೋಗಿ ಹೋಗಿ ಗಂಟಲಲ್ಲಿ ಕೂರುತ್ತೆ.

ಅವನು ರಿಂಗು ಅಂದಾಗಲೆಲ್ಲ
ನನಗೆ ಬಳೆ ಅಂತಲೇ ಕೇಳಿಸಿತು.

ಪೇಟೆಯ ಡಬ್ಬಿಗೆ ನಾಲ್ಕು ಸಾವಿರ.
ಸೀಟಿನಡಿ ಯಾರೋ ಮರೆತ ಸ್ಟೀಲಿನ ನೀರಿನ ಬಾಟಲಿ ಇತ್ತು,
ಎರಡು ತಿಂಗಳಾದರೂ ಕೇಳಿಕೊಂಡು ಯಾರೂ ಬಂದಿರಲಿಲ್ಲ.
ಅದಕ್ಕೇ ಎರಡು ಮೂತಿ ಬೆಸೆಸಿದ,
ಒಳಗೆ ಪಾತ್ರೆ ತಿಕ್ಕುವ ಸ್ಟೀಲಿನ ಜುಂಗು ತುರುಕಿದ,
ತಳಕ್ಕೆ ಹಿತ್ತಾಳೆಯ ಪುಟ್ಟ ನಲ್ಲಿ.
ನೀರಿನ ಪೈಪು ಎಣ್ಣೆಗೆ ಮೆತ್ತಗಾಗಿ ಅಪ್ಪಚ್ಚಿಯಾಗುತ್ತೆಂದು
ಡೀಸೆಲ್ ಪೈಪನ್ನೇ ಹುಡುಕಿ ತಂದ.
ಎಣ್ಣೆ ಜುಂಗಿಗೆ ಬಡಿದು ಹನಿಯಾಗಿ ಬೀಳಬೇಕು,
ಗಾಳಿ ಒಂದೇ ಮುಂದೆ ಹೋಗಬೇಕು.
"ಗಾಡಿಗೊಂದು ಪೀಕದಾನಿ" ಅಂದ, ನಕ್ಕ.
ನಾನು ನಗಲಿಲ್ಲ.

ನಮ್ಮಪ್ಪನ ಮಂಚದಡಿ ಡಾಲ್ಡಾ ಡಬ್ಬಿ, ತಳದಲ್ಲಿ ಬೂದಿ.
ಎಣ್ಣೆಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ
ಶೇಂಗಾ ಹೊಟ್ಟಿನ ಧೂಳು ಉಸಿರಾಡಿದವನು.
ಊರಿಗೆಲ್ಲ ಹುರಿದ ಶೇಂಗಾದ ವಾಸನೆ,
ನಮ್ಮ ಮನೆಗೆ ಕೆಮ್ಮು.
ದುರ್ಗದ ಆಸ್ಪತ್ರೆಯಲ್ಲಿ ಕೇಳಿದ್ದು ಎರಡೇ:
ದಿನಕ್ಕೆ ಎಷ್ಟು? ಯಾವ ಬಣ್ಣ?
ಡಬ್ಬಿ ಚೆಲ್ಲುತ್ತಿದ್ದವಳು ಹತ್ತು ವರ್ಷದ ನಾನು.
ಕಣ್ಣು ಮುಚ್ಚಿ, ಮೂಗು ಮುಚ್ಚಿ,
ತಿಪ್ಪೆಗೆ ಸುರಿದು ಓಡಿಬರುತ್ತಿದ್ದೆ.
ಬಾಯಿಗೆ ಬಂದದ್ದು ಹೇಳಿದೆ:
ಸ್ವಲ್ಪ. ಬಿಳಿ.

ಈಗ ನೋಡುತ್ತೇನೆ.
ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ,
ನಲ್ಲಿಯ ಕೆಳಗೆ ಕೆಮ್ಮಿನೌಷಧಿಯ ಅಳತೆ ಮುಚ್ಚಳ ಹಿಡಿದು.
ಟ್ರಿಪ್ಪಿನ ಲೆಕ್ಕದ ಪುಸ್ತಕಕ್ಕೆ ಹಿಂದಿನಿಂದ ಬರೆಯುತ್ತೇನೆ:
ಯುಗಾದಿಯ ವಾರ, ಎರಡು ಮುಚ್ಚಳ, ಕಪ್ಪು.
ಮಳೆ ಹಿಡಿದ ವಾರ ಮೂರು, ಚಹಾದ ಬಣ್ಣ
(ನೀರು ಸೇರೈತೆ, ಹೆದರಬ್ಯಾಡ ಅಂದ ಜಿಲಾನಿ).
ಬಳ್ಳಾರಿಯ ಮದುವೆ ಬಾಡಿಗೆ, ನಾಲ್ಕೂವರೆ.
ದೀಪಾವಳಿಗೆ ಐದು.
ಒಂದು ವಾರ ಖಾಲಿ: ಜ್ವರ, ನನಗೆ.
ಚಳಿ ಮುಗಿಯುವಷ್ಟರಲ್ಲಿ ಏಳು.

ಪೈಪಿನೊಳಗೆ ಈಗ ಬೆರಳಾಡಿಸಿದರೆ ಬರೀ ಧೂಳು.
ಗಾಳಿಗಿರಣಿ ಕಾಣುವ ದಿಬ್ಬದಲ್ಲಿ
ಮೂರನೇ ಗೇರಿಗೇ ಎಳೆಯುತ್ತಾಳೆ.
ಆದರೆ ಡಬ್ಬಿ ಮದ್ದಲ್ಲ.
ಜಿಲಾನಿ ಪುಸ್ತಕ ಹಿಂದೆ ಮುಂದೆ ತಿರುವಿ
ಬೆರಳಿನ ಮಸಿ ಪ್ರತಿ ಹಾಳೆಗೂ ಹತ್ತಿಸಿ
"ಬಳೆ ಹೋಗ್ಯಾವಕ್ಕ" ಅಂದ.
ನನ್ನ ಮಾತು ಅವನಿಗೂ ಅಂಟಿದೆ.

"ಎಷ್ಟಾಗುತ್ತೆ?"
"ಇಪ್ಪತ್ತೆಂಟು ಸಾವಿರ. ನಾಲ್ಕು ದಿನ ನಿಲ್ಲಬೇಕು."

ಸರ್ಕಲ್ಲಿನಲ್ಲಿ ಜನ ಸೇರಿದ್ದರು,
ಒಬ್ಬಾಕೆ ಆಗಲೇ ಮುಂದಿನ ಸೀಟಿಗೆ ಟವೆಲ್ ಹಾಸಿದ್ದಳು.
ಮುಚ್ಚಳ ತೊಳೆದು, ಸೆರಗಿಗೆ ಒರೆಸಿ,
ಡ್ಯಾಶ್‌ಬೋರ್ಡಿನೊಳಗಿಟ್ಟೆ.
ಏಳರ ಮುಂದೆ ಬಣ್ಣ ಬರೆಯುವುದು ಬಿಟ್ಟುಹೋಗಿತ್ತು.
ಬರೆದೆ:
ಕಪ್ಪು.